ಚಾವಡಿಗೆ ಬಂದ ಆಟ

“ಪ್ರೇಕ್ಷಕರನ್ನು ಕುರ್ಚಿಯಿಂದೆಬ್ಬಿಸಿ ಸಂಗೀತದ ನಡುವೆ ನಿಲ್ಲಿಸುವ ರಂಗಭೂಮಿ ನಮ್ಮಲ್ಲಿನ್ನೂ ಹುಟ್ಟಿಲ್ಲ” ಎಂದ, ಕುಂದಾಪುರದ ಹೋಟೆಲೊಂದರಲ್ಲಿ ಪರಿಚಯದ ತರುಣ. ಸುತ್ತ ಎಂಟು ಸ್ಪೀಕರ್, ಬಡಗುತಿಟ್ಟಿನ ಯಕ್ಷಗಾನದ ಹಳೆಯ ಪದ್ಯಗಳು, ಕತ್ತಲಲ್ಲಿ ಜನರ ನಡುವೆ ಸುಳಿಯುವ ವೇಷಗಳು: ಇದು ಅವನ ಯೋಜನೆ. ಹುರುಪು ಮೆಚ್ಚುವಂಥದೇ. ಆದರೆ ನೋಡುವವನನ್ನು ಹತ್ತಿರ ಎಳೆದ ಮಾತ್ರಕ್ಕೆ ಅವನು ಒಳಗೆ ಬರುವುದಿಲ್ಲ. ಆಟದಲ್ಲಿ ಅವನಿಗೊಂದು ಪಾಲಿರಬೇಕು.

ಹೂವಿನಕೋಲನ್ನೇ ನೋಡಿ. ನವರಾತ್ರಿಯಲ್ಲಿ ಭಾಗವತರು, ಮದ್ದಳೆಯವರು, ವೇಷ ಕಟ್ಟಿದ ಹುಡುಗರು ಮನೆಮನೆಗೆ ಬರುತ್ತಿದ್ದರು. ಕೆಲವು ತಂಡಗಳು ಈಗಲೂ ಬರುತ್ತವೆ. ಹುಡುಗರು ಎದುರುಬದುರು ಕೂರುತ್ತಾರೆ, ನಡುವೆ ಹೂ ಸುತ್ತಿದ ಕೋಲು. ಕುಣಿತವಿಲ್ಲ, ಪದ್ಯ, ಅರ್ಥ ಅಷ್ಟೇ. ಬಯಲಿನಲ್ಲಿ ಗದ್ದೆಯಾಚೆಗೂ ಮುಟ್ಟುವಂತೆ ಎತ್ತರಿಸುವ ಪದ್ಯ ಚಾವಡಿಯಲ್ಲಿ ಮಾತಿನ ಮಟ್ಟಕ್ಕಿಳಿಯುತ್ತದೆ, ಭಾಗವತರು ಉಸಿರೆಳೆದದ್ದೂ ಕೇಳಿಸುತ್ತದೆ. ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸುತ್ತ ನಿಂತ ಅಜ್ಜಿಯೂ ಆ ಆಟದೊಳಗಿನವಳೇ, ಏಕೆಂದರೆ ಅವರು ಮೊದಲು ಹರಸಿದ್ದು ಅವಳ ಮನೆಯನ್ನು. ಕೊನೆಗೆ ಅಕ್ಕಿ, ಕಾಯಿ ಕೊಡಬೇಕಾದವಳೂ ಅವಳೇ.

ಹರಕೆ ಆಟವೂ ಹಾಗೆಯೇ. ಮಂದಾರ್ತಿ ದೇವಸ್ಥಾನದ ಐದು ಮೇಳಗಳು ತಿರುಗಿದರೂ ಹರಕೆ ಹೊತ್ತವರು ವರ್ಷಗಟ್ಟಲೆ ಕಾಯುತ್ತಾರೆ. ಆ ರಾತ್ರಿ ಗದ್ದೆಯಲ್ಲಿ ಅವರನ್ನು ಬರೀ ಪ್ರೇಕ್ಷಕರೆಂದು ಯಾರು ಕರೆದಾರು? ಇಂದಿನವರಿಗೆ ಎಲ್‌ಇಡಿ ಪರದೆಯಿಲ್ಲದೆ ರುಚಿಸದು ಎನ್ನುವವರ ಜೊತೆ ನನಗೆ ವಾದವಿಲ್ಲ.

ವಾದವಿರುವುದು ಕಾರಂತರ ಜೊತೆ. ಕೋಟದಲ್ಲೇ ಹುಟ್ಟಿದ ಶಿವರಾಮ ಕಾರಂತರು ಮಾತನ್ನು ಕಿತ್ತು, ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿ, ಇಡೀ ರಾತ್ರಿಯ ಆಟವನ್ನು ಕೆಲವೇ ಗಂಟೆಯ ಬ್ಯಾಲೆಗೆ ಇಳಿಸಿದರು. ಹಾಡು ತನ್ನ ಊರು ಬಿಟ್ಟೂ ಮರ್ಯಾದೆಯಿಂದ ಬದುಕಬಲ್ಲದು ಎಂಬುದಕ್ಕೆ ಅದು ಸಾಕ್ಷಿ. 1975ರಲ್ಲಿ ಶುರುವಾದ ಸಾಲಿಗ್ರಾಮ ಮಕ್ಕಳ ಮೇಳವೂ ಊರಾಚೆ ಹೋಗಿಯೇ ಹೆಸರು ಮಾಡಿತು. ನನ್ನ ಚಾವಡಿಯ ಗತಿಯಾದರೂ ಏನು? ಮಕ್ಕಳು ಬೆಂಗಳೂರಿನಲ್ಲಿ, ಬಾಗಿಲಿಗೆ ಬೀಗ. ಬಯಲಾಟಕ್ಕೂ ಮೈಕು ಬಂದಿದೆ, ಎಷ್ಟೋ ಕಡೆ ಕಾಲಮಿತಿಯೂ. ಇಷ್ಟನ್ನು ಒಪ್ಪಲೇಬೇಕು.

ಒಪ್ಪಿಯೂ ನನ್ನ ಹಟ ಬಿಡಲಾರೆ. ಕಾರಂತರು ಕಟ್ಟಿದ್ದು ನೋಡುವ ರಂಗ, ಅದನ್ನು ಮುಚ್ಚಿಟ್ಟವರೂ ಅಲ್ಲ. ಈ ತರುಣ ಕೊಡುತ್ತೇನೆನ್ನುವುದು ಒಳಗೊಳ್ಳುವ ರಂಗ. ಟಿಕೆಟ್ ಹರಿದು ಬಂದು, ಯಾರಿಗೂ ಏನೂ ಬಾಕಿಯಿಲ್ಲದೆ ಎದ್ದು ಹೋಗುವವನು ಎಂಟಲ್ಲ, ಎಂಬತ್ತು ಸ್ಪೀಕರಿನ ನಡುವೆ ನಿಂತರೂ ಹೊರಗಿನವನೇ. ಕೋಟ, ತೆಕ್ಕಟ್ಟೆ, ಉಪ್ಪುಂದದಲ್ಲಿ ನವರಾತ್ರಿಗೆ ಬೀಗ ತೆಗೆದು, ಚಾವಡಿ ಗುಡಿಸಿ ದೀಪ ಹಚ್ಚುವ ಹತ್ತು ಮನೆಗಳನ್ನು ಅವನು ಹುಡುಕಲಿ, ತಾಳ ಹಿಡಿಯಲು ನಾನೂ ಬರುತ್ತೇನೆ. ಸ್ಪೀಕರಿನ ಮಾತು ಆಮೇಲೆ.