ಗರ್ಭಕೋಶದ ಹೆದರಿಕೆಯಲ್ಲಿ ಗಂಟೆಗಳು ಕಳೆಯದಿರಲಿ

ಉಪ್ಪುಂದದ ಎಷ್ಟೋ ಮನೆಗಳ ಗಂಡಸರಿಗೆ ದುಡಿಮೆ ಬೆಂಗಳೂರು, ಮುಂಬೈಯ ಹೋಟೆಲುಗಳಲ್ಲಿ. ಚೌತಿಗೆ, ದೀಪಾವಳಿಗೆ, ದುರ್ಗಾಪರಮೇಶ್ವರಿಯ ತೇರಿಗೆ ನಾಲ್ಕು ದಿನ ರಜೆ ಹಾಕಿ ಬರುತ್ತಾರೆ, ರಾತ್ರಿ ಬಸ್ಸಿಗೆ ಮರಳುತ್ತಾರೆ. ವರ್ಷವಿಡೀ ಗರ್ಭನಿರೋಧಕದ ಮಾತೇ ಬಾರದ ಮನೆಯಲ್ಲಿ ಆ ನಾಲ್ಕು ದಿನಕ್ಕೆಂದು ಯಾರೂ ತಯಾರಿ ಮಾಡಿಕೊಂಡಿರುವುದಿಲ್ಲ. ಬಸ್ಸು ಹೊರಟ ಮೇಲೆ ಹೆಂಗಸಿಗೆ ಚಿಂತೆ ಹತ್ತುತ್ತದೆ. ಮೆಡಿಕಲ್‌ನಲ್ಲಿ ತುರ್ತು ಮಾತ್ರೆ ಸಿಗುತ್ತದೆಂದು ಅವಳಿಗೂ ಗೊತ್ತು. ಆದರೆ "ಅದ್ ತಿಂದ್ರೆ ಗರ್ಭಕೋಶ ಹಾಳಾತ್ತ್, ಮತ್ ಮಕ್ಕಳ್ ಆತ್ತಿಲ್ಲೆ" ಎಂಬ ಮಾತೂ ಕಿವಿಗೆ ಬಿದ್ದಿರುತ್ತದೆ. ಆ ಯೋಚನೆಯಲ್ಲಿ ಒಂದು ದಿನ ಹೋಗುತ್ತದೆ, ಅಂಗಡಿಯಲ್ಲಿ ಕೇಳುವ ನಾಚಿಕೆಯಲ್ಲಿ ಇನ್ನೊಂದು.

ಕೂಡಿದ ಹೊತ್ತಿನಿಂದ ಮಾತ್ರೆಗಿರುವ ಅವಧಿಯೋ ಬರೀ 72 ಗಂಟೆ.

ಗರ್ಭಕೋಶದ ಒಳಪದರವೆಂದರೆ ನಾಟಿಗೆ ಹದ ಮಾಡಿಟ್ಟ ಗದ್ದೆಯಿದ್ದಂತೆ. ತಿಂಗಳು ತಿಂಗಳೂ ದಪ್ಪವಾಗುತ್ತದೆ, ಗರ್ಭ ನಿಲ್ಲದಿದ್ದರೆ ಮುಟ್ಟಿನಲ್ಲಿ ಕಳಚಿ ಹೋಗುತ್ತದೆ, ಮತ್ತೆ ಹೊಸದಾಗಿ ಬೆಳೆಯುತ್ತದೆ. ತುರ್ತು ಮಾತ್ರೆಯಲ್ಲಿರುವುದು 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್. ಅದರ ಮುಖ್ಯ ಕೆಲಸ ನಡೆಯುವುದು ಈ ಗದ್ದೆಯಲ್ಲಲ್ಲ, ಅಂಡಾಶಯದಲ್ಲಿ: ಅಂಡ ಹೊರಬರುವುದನ್ನು ಅದು ತಡೆಯುತ್ತದೆ ಅಥವಾ ಮುಂದೂಡುತ್ತದೆ. ಅಂಡ ಆಗಲೇ ಹೊರಬಂದಿದ್ದರೆ ಮಾತ್ರೆಯಿಂದ ಹೆಚ್ಚೇನೂ ಆಗದು. ಬೇಗ ನುಂಗಬೇಕೆಂದು ಹೇಳುವುದು ಇದಕ್ಕಾಗಿಯೇ.

ಒಳಪದರವನ್ನು ಕೆಡಿಸಿ ಭ್ರೂಣ ಅಂಟದಂತೆ ಮಾಡುತ್ತದೆಂಬ ನಂಬಿಕೆ ಹಳ್ಳಿಯವರ ಕಲ್ಪನೆಯೇನಲ್ಲ. ಹಾಗಾಗಬಹುದೆಂದು ಅಮೆರಿಕದಲ್ಲಿ ಮಾತ್ರೆಯ ಪೆಟ್ಟಿಗೆಯ ಮೇಲೆಯೇ ವರ್ಷಗಟ್ಟಲೆ ಅಚ್ಚಾಗಿತ್ತು. ಪರೀಕ್ಷಿಸಿ ನೋಡಿದಾಗ ಕಂಡದ್ದು ಬೇರೆ. ಚಿಲಿ ದೇಶದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಡ ಬಿಡುಗಡೆಗೆ ಮೊದಲೇ ಮಾತ್ರೆ ತೆಗೆದುಕೊಂಡ 103 ಹೆಂಗಸರಲ್ಲಿ 16 ಮಂದಿ ಬಸಿರಾಗಬಹುದೆಂಬ ಲೆಕ್ಕವಿತ್ತು, ಒಬ್ಬರೂ ಆಗಲಿಲ್ಲ. ಅಂಡ ಬಿಡುಗಡೆಯಾದ ದಿನ ಅಥವಾ ಆಮೇಲೆ ತೆಗೆದುಕೊಂಡ 45 ಮಂದಿಯಲ್ಲಿ 8 ಜನ ಬಸಿರಾದರು, ಮಾತ್ರೆಯನ್ನೇ ನುಂಗದಿದ್ದರೆ ಎಷ್ಟಾಗುತ್ತಿತ್ತೋ ಹೆಚ್ಚುಕಡಿಮೆ ಅಷ್ಟೇ. ಮಾತ್ರೆ ಒಳಪದರವನ್ನು ಕೆಡಿಸುವಂತಿದ್ದರೆ ಈ ಎಂಟು ಗರ್ಭಗಳು ನಿಲ್ಲಬಾರದಿತ್ತು. ಕೊನೆಗೆ 2022ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಆ ಹಳೆಯ ಸಾಲನ್ನು ತೆಗೆಸಿತು.

ದೇಹದಲ್ಲಿ ಏನೂ ಆಗುವುದೇ ಇಲ್ಲವೆಂದಲ್ಲ. ಮುಟ್ಟು ಕೆಲವು ದಿನ ಮುಂಚೆ ಬರಬಹುದು, ತಡವಾಗಬಹುದು, ನಡುವೆ ರಕ್ತ ಕಾಣಿಸಬಹುದು. ಹೊಟ್ಟೆ ತೊಳಸುವುದು, ತಲೆನೋವು ಬರುವುದೂ ಉಂಟು. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಮಾತ್ರೆ ಬೇಕಾಗುತ್ತದೆ. ಇದರಿಂದ ಬಂಜೆತನ ಬರುವುದಿಲ್ಲ, ಆಗಲೇ ನಿಂತ ಗರ್ಭಕ್ಕೆ ತೊಂದರೆಯೂ ಇಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸಿಗೆ ಕೊಡುವ ಕೆಲವು ಔಷಧಿಗಳು ಮಾತ್ರ ಇದರ ಶಕ್ತಿ ಕುಂದಿಸುತ್ತವೆ. ಅಂಥವರು ವೈದ್ಯರನ್ನು ಕೇಳಲೇಬೇಕು. ಐದು ದಿನದೊಳಗೆ ಕಾಪರ್-ಟಿ ಹಾಕಿಸಿಕೊಳ್ಳುವ ದಾರಿಯೂ ಇದೆ, ಅದು ಮಾತ್ರೆಗಿಂತ ಹೆಚ್ಚು ಖಾತ್ರಿಯದು.

ನಿಜವಾಗಿ ಹೆದರಬೇಕಾದದ್ದು ಎರಡು ಮಾತ್ರೆಗಳನ್ನು ಒಂದೇ ಎಂದು ತಿಳಿಯುವುದಕ್ಕೆ. ಗರ್ಭಪಾತಕ್ಕೆ ಕೊಡುವ ಮಿಫೆಪ್ರಿಸ್ಟೋನ್ ಒಳಪದರದ ಮೇಲೆಯೇ ಕೆಲಸ ಮಾಡುತ್ತದೆ, ಗರ್ಭಕ್ಕಿರುವ ಆಸರೆಯನ್ನು ಕಳಚುತ್ತದೆ. ಅದನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಯಾರದೋ ಕೈಯಿಂದ ತರಿಸಿ ಮನೆಯಲ್ಲಿ ಗುಟ್ಟಾಗಿ ನುಂಗುವಂಥದ್ದೂ ಅಲ್ಲ. ತುರ್ತು ಮಾತ್ರೆಗಾದರೆ 2005ರಿಂದ ಚೀಟಿ ಬೇಡ.

ಆದ್ದರಿಂದ ಉಪ್ಪುಂದ, ಬೈಂದೂರು, ಕುಂದಾಪುರದ ಮೆಡಿಕಲ್ ಅಂಗಡಿಯವರಲ್ಲಿ ಕೈಮುಗಿದು ಕೇಳುವುದಿಷ್ಟೆ: ಈ ಮಾತ್ರೆ ಕೇಳಿ ಬಂದವಳ ಮುಖ ನೋಡಿ ನಗಬೇಡಿ, ಮದುವೆಯಾಗಿದೆಯೇ ಎಂದು ವಿಚಾರಿಸಬೇಡಿ. ಹೇಗೆ ನುಂಗಬೇಕೆಂದು ಹೇಳಿ ಕೊಟ್ಟರೆ ಸಾಕು. ಆಶಾ ಕಾರ್ಯಕರ್ತೆಯರ ಮೂಲಕ ಮನೆಬಾಗಿಲಿಗೇ ಗರ್ಭನಿರೋಧಕ ತಲುಪಿಸುವ ಯೋಜನೆ 2011ರಲ್ಲಿ ಶುರುವಾದಾಗ ಒಂದು ತುರ್ತು ಮಾತ್ರೆಗೆ ಇಟ್ಟ ಬೆಲೆ 2 ರೂಪಾಯಿ. ಆಶಾ ಅಕ್ಕಂದಿರು ಬಾಣಂತಿ, ಮಗುವಿನ ವಿಚಾರದ ಜೊತೆಗೆ ಇದನ್ನೂ ಒಂದು ಮಾತು ಹೇಳಲಿ. ಅತ್ತೆಯಂದಿರೇ, ಸೊಸೆಯ ಗರ್ಭಕೋಶದ ಬಗ್ಗೆ ನಿಮಗಿರುವ ಕಾಳಜಿ ಸುಳ್ಳಲ್ಲ; ಆದರೆ ಕೇಳಿದ ಮಾತನ್ನು ದಾಟಿಸುವ ಮೊದಲು ಬೈಂದೂರು ಸಮುದಾಯ ಆರೋಗ್ಯ ಕೇಂದ್ರದಲ್ಲೊಮ್ಮೆ ವಿಚಾರಿಸಿ. ಮಾತ್ರೆ ನುಂಗಿದವಳ ಮುಟ್ಟು ಒಂದು ವಾರಕ್ಕಿಂತ ಹೆಚ್ಚು ತಡವಾದರೆ ಗರ್ಭಪರೀಕ್ಷೆ ಮಾಡಿಸಲು ನೀವೇ ಜೊತೆಗೆ ಹೋಗಿ.

ಇನ್ನು ಗಂಡಸರು. ಇದು ತುರ್ತಿನ ಮಾತ್ರೆ, ಪ್ರತಿ ರಜೆಗೂ ಹೆಂಡತಿಗೆ ನುಂಗಿಸುವ ಮಾತ್ರೆಯಲ್ಲ. ಹಬ್ಬಕ್ಕೆಂದು ಬೆಂಗಳೂರಿನಲ್ಲಿ ಬಸ್ಸು ಹತ್ತುವಾಗ ಮಕ್ಕಳಿಗೆ ಬಟ್ಟೆ, ಅಮ್ಮನಿಗೆ ಸೀರೆ ಇಟ್ಟ ಚೀಲದಲ್ಲೇ ಒಂದು ಪೊಟ್ಟಣ ಕಾಂಡೋಮ್ ಇರಲಿ.