ಮೊದಲು ಬೂಟು, ಸ್ಟೆತಸ್ಕೋಪ್ ಆಮೇಲೆ

"ಹಜ್ರತ್, ಮಗಳನ್ನು ನರ್ಸಿಂಗ್ ಅಸಿಸ್ಟೆಂಟ್ ತರಬೇತಿಗೆ ಸೇರಿಸುತ್ತಿದ್ದೇವೆ, ಏನೇನು ಕೊಡಿಸಬೇಕು?" ಎಂದು ಸೋಲೂರಿನ ತಂದೆತಾಯಂದಿರು ಆಗಾಗ ಕೇಳುತ್ತಾರೆ. ಹೆಚ್ಚಿನವರು ಸಾಲ ಮಾಡಿ ಶುಲ್ಕ ಕಟ್ಟುವವರು. ಒಂದು ರೂಪಾಯಿ ವ್ಯರ್ಥವಾದರೂ ಅವರಿಗೆ ನೋವಾಗುತ್ತದೆ.

ಅಂಗಡಿಗೆ ಹೋಗುವ ಮುಂಚೆ ಒಂದು ಮಾತು ಕೇಳಿ ಖಚಿತಪಡಿಸಿಕೊಳ್ಳಿ. ಜನರಲ್ ಡ್ಯೂಟಿ ಅಸಿಸ್ಟೆಂಟ್ ಎಂಬುದು ಕೆಲವೇ ತಿಂಗಳ ತರಬೇತಿ. ಎ.ಎನ್.ಎಂ. ಎರಡು ವರ್ಷ, ಜಿ.ಎನ್.ಎಂ. ಮೂರು ವರ್ಷ. ಇವನ್ನು ಓದಿದವರ ಹೆಸರು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯಾಗುತ್ತದೆ, ಸಹಾಯಕಿಯ ಹೆಸರು ಆಗುವುದಿಲ್ಲ. "ಆರು ತಿಂಗಳಲ್ಲಿ ನರ್ಸ್ ಆಗುತ್ತೀರಿ" ಎನ್ನುವವರ ಬಳಿ, ಪ್ರಮಾಣಪತ್ರ ಯಾರು ಕೊಡುತ್ತಾರೆಂದು ಬರೆಸಿಕೊಂಡೇ ಹಣ ಕಟ್ಟಿ.

ಸಹಾಯಕಿಯ ಕೆಲಸವೇನು? ರೋಗಿಗೆ ಸ್ನಾನ ಮಾಡಿಸುವುದು, ಮಗ್ಗುಲು ಬದಲಿಸುವುದು, ಊಟ ತಿನ್ನಿಸುವುದು, ಬೆಡ್‌ಪ್ಯಾನ್ ಇಡುವುದು, ಮೂತ್ರ ಅಳೆದು ಬರೆಯುವುದು. ದಿನವಿಡೀ ನಿಂತೇ ಮಾಡುವ ಕೆಲಸ. ಆದ್ದರಿಂದ ಒಂದೇ ಒಂದು ವಸ್ತುವಿಗೆ ಹಣ ಸುರಿಯುವುದಾದರೆ ಬೂಟಿಗೆ ಸುರಿಯಿರಿ. ಮುಂಭಾಗ ಮುಚ್ಚಿದ, ಒದ್ದೆ ನೆಲದಲ್ಲಿ ಜಾರದ, ಒರೆಸಿದರೆ ಶುಚಿಯಾಗುವ, ಹಗುರಾದ ಬೂಟು. ಕಾಲು ಸಂಜೆಗೆ ಸ್ವಲ್ಪ ಊದಿಕೊಳ್ಳುವುದರಿಂದ ಸಂಜೆ ಹೊತ್ತಿನಲ್ಲಿಯೇ ಹಾಕಿ ನೋಡಿ ಕೊಳ್ಳಿ. ಮದುವೆಗೆ ತಂದ ಚಪ್ಪಲಿ ಇಲ್ಲಿ ನಡೆಯದು.

ಸಮವಸ್ತ್ರದ ಬಣ್ಣವನ್ನು ಸಂಸ್ಥೆ ಹೇಳುವವರೆಗೆ ಬಟ್ಟೆ ಹರಿಸಬೇಡಿ. ಎರಡು ಜೊತೆ ಬೇಕೇ ಬೇಕು. ಒಂದು ಒಗೆಯಲು, ಒಂದು ತೊಡಲು.

ತಲೆವಸ್ತ್ರದ ಬಗ್ಗೆ ನೇರವಾಗಿ ಹೇಳುತ್ತೇನೆ. ಉದ್ದನೆಯ ದುಪಟ್ಟಾ ರೋಗಿಯ ಗಾಯಕ್ಕೂ ಹಾಸಿಗೆಗೂ ತಗಲುತ್ತದೆ. ಪಿನ್ನು ಬೇಡದ, ಅಂಚನ್ನು ಒಳಗೆ ಸಿಕ್ಕಿಸಬಹುದಾದ ಚಿಕ್ಕ ಹತ್ತಿಯ ಹಿಜಾಬ್ ಮೂರು ಇರಲಿ. ದಿನವೂ ಒಗೆದದ್ದನ್ನೇ ತೊಡಬೇಕು. ಕೈ ತೊಳೆಯಲು ಅನುಕೂಲವಾಗಲೆಂದು ಮೊಣಕೈಯಿಂದ ಕೆಳಗೆ ತೋಳು ಬರಿದಾಗಿರಬೇಕೆಂಬ ನಿಯಮ ಅನೇಕ ಆಸ್ಪತ್ರೆಗಳಲ್ಲಿದೆ. ಬಳೆ, ಉಂಗುರ, ಮೆಹಂದಿಯ ವಿಷಯವೂ ಹಾಗೆಯೇ. ಇದನ್ನೆಲ್ಲ ಸೇರುವ ಮುಂಚೆಯೇ ಕೇಳಿಕೊಳ್ಳಿ. ಶುಲ್ಕ ಕಟ್ಟಿದ ಮೇಲೆ ಜಗಳವಾಡಿ ಮನೆಗೆ ಮರಳಿದರೆ ಹಣವೂ ಹೋಯಿತು, ಹುಡುಗಿಯ ವರ್ಷವೂ ಹೋಯಿತು.

ಸೆಕೆಂಡಿನ ಮುಳ್ಳಿರುವ ಗಡಿಯಾರ ಅಗತ್ಯ. ಕೈಗಡಿಯಾರ ಬೇಡವೆಂದರೆ ಎದೆಗೆ ಸಿಕ್ಕಿಸುವ ಬಗೆಯದು ಸಿಗುತ್ತದೆ. ನಾಡಿಯನ್ನು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸುತ್ತಾರೆ. ಬಡಿತದ ಲಯ ತಪ್ಪುತ್ತಿದ್ದರೆ ಪೂರ್ತಿ ಒಂದು ನಿಮಿಷ ಎಣಿಸಬೇಕು. ವಿಶ್ರಾಂತಿಯಲ್ಲಿರುವ ದೊಡ್ಡವರಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100. ಗಡಿಯಾರ ಬಂದ ದಿನದಿಂದಲೇ ದಾದಿಯ ನಾಡಿ ಎಣಿಸಿ ಅಭ್ಯಾಸ ಮಾಡಲಿ, ಖರ್ಚಿಲ್ಲದ ಪಾಠ! ಜೇಬಿಗೆ ಹಿಡಿಯುವ ಪುಸ್ತಕವೊಂದಿರಲಿ. ಎಡಪುಟದಲ್ಲಿ ವಾರ್ಡಿನಲ್ಲಿ ಕೇಳಿದ ಇಂಗ್ಲಿಷ್ ಪದ, ಬಲಪುಟದಲ್ಲಿ ಕನ್ನಡದ ಅರ್ಥ. ಪೆನ್ನು, ಉಗುರು ಕತ್ತರಿ, ನೀರಿನ ಬಾಟಲಿ, ಟಿಫಿನ್ ಡಬ್ಬಿ ಮನೆಯಲ್ಲಿದ್ದವೇ ಸಾಕು.

ಸ್ಟೆತಸ್ಕೋಪ್, ಬಿ.ಪಿ. ಯಂತ್ರ ಮೊದಲೇ ಕೊಳ್ಳಬೇಡಿ. ಕೊರಳಿಗೆ ಹಾಕಿಕೊಂಡು ಫೋಟೊ ತೆಗೆಸಲು ಚೆಂದ, ಆದರೆ ಕಲಿಯಲು ಸಂಸ್ಥೆಯದ್ದೇ ಇರುತ್ತದೆ. ಕೈಗವಸು, ಮಾಸ್ಕ್ ಕೊಡುವುದೂ ಅವರ ಹೊಣೆ.

ಆ ಹಣವನ್ನು ಲಸಿಕೆಗೆ ಇಡಿ. ರೋಗಿಯ ರಕ್ತ ತಗಲುವ ಕೆಲಸವಾದ್ದರಿಂದ ಹೆಪಟೈಟಿಸ್-ಬಿ ಲಸಿಕೆ ಬೇಕು. ಮೊದಲ ಡೋಸು, ತಿಂಗಳ ನಂತರ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಅಂದರೆ ತರಬೇತಿ ಮುಗಿಯುವ ಹೊತ್ತಿಗಲ್ಲ, ಸೇರುವ ಮಾತು ಎದ್ದ ದಿನವೇ ವೈದ್ಯರನ್ನು ಕಾಣಬೇಕು. ಮಗುವಾಗಿದ್ದಾಗ ಹಾಕಿಸಿದ್ದರೆ ಆ ಕಾರ್ಡು ಹುಡುಕಿ ಒಯ್ಯಿರಿ.

ಅಂಕಪಟ್ಟಿ, ಟಿ.ಸಿ., ಆಧಾರ್, ಫೋಟೊಗಳನ್ನು ಒಂದೇ ಫೈಲಿನಲ್ಲಿಟ್ಟು, ನಕಲುಗಳನ್ನು ಮಾತ್ರ ಕೊಟ್ಟುಬಿಡಿ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಮೊದಲೇ ಅರ್ಜಿ ಹಾಕಿ. ನೆಲಮಂಗಲಕ್ಕೋ ಬೆಂಗಳೂರಿಗೋ ದಿನವೂ ಹೋಗಿಬರುವುದಾದರೆ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ಹಣವಿಲ್ಲ, ಗುರುತಿನ ಚೀಟಿ ಕೈಯಲ್ಲಿದ್ದರಾಯಿತು. ಬೆಳಗಿನ ಪಾಳಿಗೆ ಮುಂಚಿನ ಬಸ್ಸು ಎಷ್ಟು ಹೊತ್ತಿಗೆಂದು ಮಾತ್ರ ವಿಚಾರಿಸಿಡಿ.