ಕಾವಲುಗಾರನ ಖರ್ಚು ಯಾರದು?

ಮಸೀದಿಗೆ ಬೆಂಕಿ ಬಿದ್ದಾಗ, ಚರ್ಚಿನ ಮೇಲೆ ದಾಳಿಯಾದಾಗ ಅದನ್ನು ದಾಖಲಿಸಿ ಸರಕಾರಗಳನ್ನು ಪ್ರಶ್ನಿಸುವ ಅಂತಾರಾಷ್ಟ್ರೀಯ ವ್ಯವಸ್ಥೆಗಳಿವೆ. ಅವುಗಳ ವರದಿ ನಮ್ಮ ನೋವನ್ನು ಹೇಳಿದರೆ ನಾವು ಸ್ವಾಗತಿಸುತ್ತೇವೆ. ಮುಸ್ಲಿಮ್ ರಾಷ್ಟ್ರವೊಂದನ್ನು ಟೀಕಿಸಿದರೆ ಪಿತೂರಿ ಎನ್ನುತ್ತೇವೆ. ಆದರೆ ಈ ಕಾವಲಿನ ಖರ್ಚನ್ನು ಯಾರು ಭರಿಸುತ್ತಾರೆಂದು ಕೇಳುವುದು ಅಪರೂಪ.

ಅಮೆರಿಕವು 1998ರಲ್ಲಿ ಅಂತಾರಾಷ್ಟ್ರೀಯ ಧಾರ್ಮಿಕ ಸ್ವಾತಂತ್ರ್ಯ ಕಾಯ್ದೆಯನ್ನು ಅಂಗೀಕರಿಸಿ, ಅದರಡಿ ಒಂದು ಆಯೋಗವನ್ನು ರಚಿಸಿತು. ಆಯೋಗದ ವೆಚ್ಚ ಅಮೆರಿಕದ ಬೊಕ್ಕಸದ್ದು. ಅದು ಶಿಫಾರಸು ಮಾಡಬಲ್ಲುದು. ತೀರ್ಮಾನ ಮಾತ್ರ ಅಲ್ಲಿನ ಸರಕಾರದ್ದು. 2004ರಲ್ಲಿ ಸೌದಿ ಅರೇಬಿಯಾ ತೀವ್ರ ಕಳವಳದ ರಾಷ್ಟ್ರಗಳ ಪಟ್ಟಿಗೆ ಸೇರಿತಾದರೂ ರಾಷ್ಟ್ರೀಯ ಹಿತಾಸಕ್ತಿಯ ಹೆಸರಲ್ಲಿ ಅದಕ್ಕೆ ಕ್ರಮದಿಂದ ವಿನಾಯಿತಿ ದೊರೆಯಿತು. 2020ರಿಂದ 2023ರ ವರೆಗೆ ಪ್ರತಿ ವರ್ಷವೂ ಆಯೋಗವು ಭಾರತವನ್ನು ಅದೇ ಪಟ್ಟಿಗೆ ಸೇರಿಸಲು ಶಿಫಾರಸು ಮಾಡಿತು. 2024ರ ಜನವರಿಯಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಭಾರತದ ಹೆಸರಿರಲಿಲ್ಲ. ಆಯೋಗ ದಾಖಲಿಸಿದ್ದೆಲ್ಲ ಸುಳ್ಳೆಂದು ಇದರರ್ಥವಲ್ಲ. ಆದರೆ ಒಂದು ರಾಷ್ಟ್ರದ ಹಣದಿಂದ ನಡೆಯುವ ಕಾವಲು, ಕೊನೆಯಲ್ಲಿ ಆ ರಾಷ್ಟ್ರದ ಲಾಭನಷ್ಟದ ತಕ್ಕಡಿಯಲ್ಲೇ ತೂಗಲ್ಪಡುತ್ತದೆ.

ಇದಕ್ಕೆ ಭಿನ್ನವಾದುದು ವಿಶ್ವಸಂಸ್ಥೆಯ ವಿಶೇಷ ವರದಿಗಾರರ ಹುದ್ದೆ. 1986ರಲ್ಲಿ ಧಾರ್ಮಿಕ ಅಸಹಿಷ್ಣುತೆಯ ಕುರಿತು ಆರಂಭವಾದ ಈ ಹುದ್ದೆಗೆ ಸಂಬಳವಿಲ್ಲ. 1996ರಲ್ಲಿ ಟುನೀಶಿಯಾದ ಅಬ್ದುಲ್ ಫತ್ತಾಹ್ ಅಮೋರ್, 2008ರಲ್ಲಿ ಪಾಕಿಸ್ತಾನದ ನ್ಯಾಯವಾದಿ ಅಸ್ಮಾ ಜಹಾಂಗೀರ್ ಈ ಹೊಣೆ ಹೊತ್ತು ಭಾರತಕ್ಕೆ ಬಂದರು. 2002ರ ಗುಜರಾತ್ ಸಂತ್ರಸ್ತರಿಗೆ ನ್ಯಾಯ ವಿಳಂಬವಾಗುತ್ತಿರುವುದನ್ನು ಅಸ್ಮಾ ತಮ್ಮ ವರದಿಯಲ್ಲಿ ಎತ್ತಿ ತೋರಿಸಿದರು. ಇದೇ ಅಸ್ಮಾ 1995ರಲ್ಲಿ ತಮ್ಮ ದೇಶದಲ್ಲಿ ಧರ್ಮನಿಂದನೆಯ ಆರೋಪ ಹೊತ್ತ ಕ್ರೈಸ್ತ ಬಾಲಕನೊಬ್ಬನ ಪರವಾಗಿ ವಾದಿಸಿ, ಬೆದರಿಕೆಗಳನ್ನು ಎದುರಿಸಿದ್ದರು. ಅಹ್ಮದಾಬಾದಿನ ಮುಸ್ಲಿಮರ ಪರವಾಗಿ ಅವರಾಡಿದ ಮಾತಿಗೆ ತೂಕ ಬಂದದ್ದು ಲಾಹೋರಿನ ಆ ವಾದದಿಂದಲೇ.

ಇಂಥ ಸ್ವತಂತ್ರ ಕಾವಲೇ ಇಂದು ಬಡವಾಗಿದೆ. ವಿಶ್ವಸಂಸ್ಥೆಯ ಸಾಮಾನ್ಯ ಬಜೆಟ್‌ನಲ್ಲಿ ಮಾನವ ಹಕ್ಕುಗಳಿಗೆ ಸಿಗುವುದು ಶೇ. 5ರ ಆಸುಪಾಸು. ದೊಡ್ಡ ರಾಷ್ಟ್ರಗಳು ಬಾಕಿ ಉಳಿಸಿದ್ದರಿಂದ 2025ರಲ್ಲಿ ಮಾನವ ಹಕ್ಕುಗಳ ಕಚೇರಿಯೂ ವೆಚ್ಚ ಕಡಿತಕ್ಕೆ ಗುರಿಯಾಯಿತು. ಹಣವಿಲ್ಲದಿದ್ದರೆ ಪ್ರವಾಸವಿಲ್ಲ, ಸಿಬ್ಬಂದಿಯಿಲ್ಲ. ದೂರುಗಳು ಕಡತದಲ್ಲೇ ಉಳಿಯುತ್ತವೆ.

57 ರಾಷ್ಟ್ರಗಳ ಇಸ್ಲಾಮೀ ಸಹಕಾರ ಸಂಘಟನೆ ಇಸ್ಲಾಮ್ ದ್ವೇಷದ ಮೇಲೆ ಕಣ್ಣಿಡಲು ಒಂದು ವೀಕ್ಷಣಾಲಯವನ್ನು ಸ್ಥಾಪಿಸಿ, 2008ರಲ್ಲಿ ಅದರ ಮೊದಲ ವಾರ್ಷಿಕ ವರದಿಯನ್ನು ಹೊರತಂದಿತು. 2022ರಲ್ಲಿ ಅದರ ಪ್ರಯತ್ನದಿಂದಲೇ ಮಾರ್ಚ್ 15 ಇಸ್ಲಾಮ್ ದ್ವೇಷದ ವಿರುದ್ಧದ ಅಂತಾರಾಷ್ಟ್ರೀಯ ದಿನವೆಂದು ಘೋಷಣೆಯಾಯಿತು. ಇವು ಅಗತ್ಯವಾದ ಕೆಲಸಗಳೇ. ಆದರೆ ಹೊರಗಿನ ದ್ವೇಷವನ್ನಷ್ಟೇ ಎಣಿಸುವ ಕಣ್ಣು ಅರ್ಧ ಕಣ್ಣು. ಸ್ವತಃ ನಮ್ಮ ವಿರುದ್ಧವಾದರೂ ಸರಿ, ನ್ಯಾಯಕ್ಕೆ ಸಾಕ್ಷಿಗಳಾಗಬೇಕೆಂಬುದು ಕುರ್‌ಆನಿನ ಆದೇಶವಲ್ಲವೇ? ತೈಲಸಂಪತ್ತಿನ ರಾಷ್ಟ್ರಗಳು ಯಾವ ಷರತ್ತೂ ಇಲ್ಲದೆ ವಿಶ್ವಸಂಸ್ಥೆಯ ಈ ಕಾರ್ಯಕ್ಕೆ ಹಣ ನೀಡಬೇಕು, ತಮ್ಮ ಬಾಗಿಲನ್ನೂ ವರದಿಗಾರರಿಗೆ ತೆರೆಯಬೇಕು. ಆಗ ಅಮೆರಿಕದ ಇಬ್ಬಗೆಯ ನೀತಿಯನ್ನು ಪ್ರಶ್ನಿಸುವ ಅವರ ಧ್ವನಿಗೂ ಬಲ ಬರುತ್ತದೆ.

ನಮ್ಮ ಪಾಲಿನ ಹೊಣೆಯೂ ಇದೆ. ಜಿನೀವಾದ ವರದಿಗೆ ಆಧಾರ ಊರಿನ ದಾಖಲೆ. ದಿನಾಂಕ, ಎಫ್‌ಐಆರ್ ಪ್ರತಿ, ವೈದ್ಯರ ಪ್ರಮಾಣಪತ್ರ, ಸಾಕ್ಷಿಯ ಹೇಳಿಕೆ - ಇವುಗಳಿಲ್ಲದ ಆಕ್ರೋಶ ಎರಡು ದಿನಗಳಲ್ಲಿ ಆರಿಹೋಗುತ್ತದೆ. ಸಮ್ಮೇಳನಗಳ ಶಾಮಿಯಾನಕ್ಕೆ ಲಕ್ಷಗಟ್ಟಲೆ ಸುರಿಯುವ ನಮ್ಮ ಸಂಘಟನೆಗಳು, ಜಮಾಅತ್‌ಗಳು ಒಬ್ಬ ವಕೀಲ, ಒಬ್ಬ ಗುಮಾಸ್ತನನ್ನು ನೇಮಿಸಿ ಪ್ರತಿ ಜಿಲ್ಲೆಯಲ್ಲೂ ಇಂಥ ದಾಖಲೆ ಇಡಲು ಏಕೆ ಮುಂದಾಗಬಾರದು? ಅದರಲ್ಲಿ ಮಸೀದಿಯ ಜೊತೆಗೆ ಚರ್ಚಿನ ಮೇಲಿನ ದಾಳಿಯೂ, ದಲಿತರಿಗೆ ದೇವಸ್ಥಾನದ ಬಾಗಿಲು ಮುಚ್ಚಿದ ಘಟನೆಯೂ ದಾಖಲಾಗಲಿ. ನಮ್ಮದೇ ಜನರು ಅನ್ಯರಿಗೆ ಎಸಗಿದ ಅನ್ಯಾಯವಿದ್ದರೆ ಅದೂ ದಾಖಲಾಗಲಿ. ನಾಳೆ ನಮ್ಮ ದೂರನ್ನು ಜಗತ್ತು ನಂಬುವುದು ಆ ಪ್ರಾಮಾಣಿಕತೆಯ ಬಲದಿಂದಲೇ.